ಹೊತ್ತು ತಪ್ಪಿದ ಊಟ, ನೆತ್ತರು ಬರೆದಿಟ್ಟ ಲೆಕ್ಕ

ಸೀತಾ, ಸ್ವರ್ಣಾ ನದಿಗಳು ಜೊತೆಗೂಡಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಹಂಗಾರಕಟ್ಟೆ ಇದೆ. ಎದುರು ದಡದ ಕೋಡಿ ಬೆಂಗ್ರೆಗೆ ಇಲ್ಲಿಂದ ಬಾರ್ಜು ಹೋಗಿ ಬರುತ್ತದೆ. ಪಡುವಣಕ್ಕೆ ಕೋಡಿ ಕನ್ಯಾನದ ಮೀನುಗಾರಿಕೆ ಬಂದರು, ಮೂಡಣಕ್ಕೆ ಸಾಸ್ತಾನದ ಗದ್ದೆ ತೋಟಗಳು. ಬೈಗೆ (ಬೂತಾಯಿ), ಬಂಗುಡೆ, ಚಟ್ಲಿ (ಸೀಗಡಿ) ಕಡಲಿನಿಂದ ಬಂದರೆ ಹೊಳೆಯಿಂದ ಚಿಪ್ಪಿಕಲ್ಲು ಸಿಗುತ್ತದೆ. ಹಿತ್ತಿಲಲ್ಲಿ ಬಸಳೆ ಚಪ್ಪರ, ಹರಿವೆ ಮಡಿ, ನುಗ್ಗೆ ಮರ. ಮಳೆ ಬಿದ್ದರೆ ಚಗಟೆ ಸೊಪ್ಪು ಬಿತ್ತದೆಯೇ ಏಳುತ್ತದೆ. ಸುಗ್ಗಿ ಗದ್ದೆಯಲ್ಲಿ ಉದ್ದು, ಹುರುಳಿ, ಅಲಸಂಡೆ. ಇಂಥ ಊರಿನಲ್ಲಿ ನಿಂತು ‘ಇಲ್ಲಿನ ಮಕ್ಕಳಿಗೆ ಪೋಷಕಾಂಶದ ಕೊರತೆ ಇರಬಹುದೇ?’ ಎಂದು ಕೇಳಿದರೆ ಯಾರೂ ತಲೆಯಾಡಿಸುವುದಿಲ್ಲ. ಕೊರತೆ ಎಂದರೆ ಬರಗಾಲದ ಊರಿನ ಮಾತು, ಕರಾವಳಿಯದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಆದರೆ ನೆತ್ತರಿಗೆ ಊರಿನ ಹೆಸರು ಗೊತ್ತಿಲ್ಲ. ಬಂದರಿನಲ್ಲಿ ಎಷ್ಟು ಮೀನು ಇಳಿಯಿತು, ಹಿತ್ತಿಲಲ್ಲಿ ಎಷ್ಟು ಸೊಪ್ಪು ಬೆಳೆಯಿತು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹದಿನಾರರ ಹುಡುಗಿಯೊಬ್ಬಳು ಬೆಳಿಗ್ಗೆ ಏಳರಿಂದ ಸಂಜೆ ಆರರ ನಡುವೆ ಏನು ತಿಂದಳು, ಅದರ ಜೊತೆಗೆ ಏನು ಕುಡಿದಳು, ಎಷ್ಟು ದಿನ ಹಾಗೆಯೇ ಮಾಡಿದಳು ಎಂಬುದಷ್ಟೇ ಅದಕ್ಕೆ ಗೊತ್ತು. ಊರಿನ ಊಟಕ್ಕೂ ಹದಿಹರೆಯದವರ ದಿನಚರಿಗೂ ನಡುವೆ ಬಿದ್ದಿರುವ ಈ ಅಂತರವೇ ರಕ್ತಪರೀಕ್ಷೆಯ ವರದಿಯಲ್ಲಿ ಅಂಕಿಯಾಗಿ ಬಂದು ಕೂರುತ್ತದೆ.

ಅಂಕಿಗಳನ್ನೇ ಮೊದಲು ನೋಡೋಣ. ಕೇಂದ್ರ ಆರೋಗ್ಯ ಇಲಾಖೆ ಯುನಿಸೆಫ್ ನೆರವಿನೊಂದಿಗೆ 2016ರಿಂದ 2018ರವರೆಗೆ ದೇಶದ ಉದ್ದಗಲಕ್ಕೆ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ನಡೆಸಿತು. ಹುಟ್ಟಿದ ಕೂಸಿನಿಂದ ಹತ್ತೊಂಬತ್ತು ವರ್ಷದವರೆಗಿನ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅದರ ವ್ಯಾಪ್ತಿಗೆ ಬಂದರು. ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ತೂಕ, ಎತ್ತರ ಅಳೆದು ಮುಗಿಸುವ ಸಮೀಕ್ಷೆಗಳೇ ಹೆಚ್ಚಿರುವ ನಾಡಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಕ್ಕಳ ರಕ್ತದ ಒಳಗನ್ನು ನೋಡಿದ್ದು ಅದೇ ಮೊದಲು. 2019ರ ಅಕ್ಟೋಬರಿನಲ್ಲಿ ಹೊರಬಂದ ವರದಿಯ ಪ್ರಕಾರ ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಶೇ 28 ಮಂದಿಗೆ ರಕ್ತಹೀನತೆ. ಹುಡುಗಿಯರನ್ನಷ್ಟೇ ತೆಗೆದುಕೊಂಡರೆ ಶೇ 40, ಹುಡುಗರಲ್ಲಿ ಶೇ 18. ಫೋಲೇಟ್ ಕೊರತೆ ಶೇ 37 ಮಂದಿಗೆ, ಸತುವಿನ ಕೊರತೆ ಶೇ 32, ವಿಟಮಿನ್ ಬಿ12 ಕೊರತೆ ಶೇ 31, ವಿಟಮಿನ್ ಡಿ ಕೊರತೆ ಶೇ 24, ಕಬ್ಬಿಣದ ದಾಸ್ತಾನು ಬರಿದಾದವರು ಶೇ 22.

ಈ ಪಟ್ಟಿಗಿಂತ ಮುಖ್ಯವಾದ ಸಂಗತಿ ಅದೇ ವರದಿಯ ಇನ್ನೊಂದು ಸಾಲಿನಲ್ಲಿದೆ. ಬಿ12 ಕೊರತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 14 ಇತ್ತು. ಐದರಿಂದ ಒಂಬತ್ತರ ಮಕ್ಕಳಲ್ಲಿ ಶೇ 17 ಆಯಿತು. ಹದಿಹರೆಯಕ್ಕೆ ಬರುವಾಗ ಶೇ 31ಕ್ಕೆ ಏರಿತು. ಫೋಲೇಟ್ ಕೊರತೆ ಶೇ 23ರಿಂದ 28ಕ್ಕೆ, ಅಲ್ಲಿಂದ 37ಕ್ಕೆ. ವಿಟಮಿನ್ ಡಿ ಕೊರತೆ ಶೇ 14ರಿಂದ 18ಕ್ಕೆ, ಅಲ್ಲಿಂದ 24ಕ್ಕೆ. ಅಂದರೆ ಮಗು ದೊಡ್ಡದಾದಂತೆ ನೆತ್ತರು ಬಡವಾಗುತ್ತಿದೆ. ಸಣ್ಣ ಮಕ್ಕಳ ಬಗ್ಗೆ ಮನೆಯಲ್ಲೂ ಸರಕಾರದಲ್ಲೂ ಕಾಳಜಿ ಇದೆ. ಅಂಗನವಾಡಿ ಇದೆ, ತುತ್ತು ಹಿಡಿದು ಹಿಂದೆ ಓಡುವ ಅಜ್ಜಿ ಇದ್ದಾಳೆ. ಹದಿಮೂರು ದಾಟಿದ ಮೇಲೆ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಮೈ ಒಮ್ಮೆಲೇ ಬೆಳೆಯತೊಡಗಿ ರಕ್ತದ ಪ್ರಮಾಣ, ಮಾಂಸಖಂಡ, ಮೂಳೆ ಎಲ್ಲವೂ ಹೆಚ್ಚು ಸರಕು ಬೇಡುತ್ತವೆ. ಹುಡುಗಿಯರಿಗೆ ಮುಟ್ಟು ಶುರುವಾಗಿ ತಿಂಗಳಿಗೆ ಹದಿನೈದು ಇಪ್ಪತ್ತು ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊಟದ ಬಟ್ಟಲು ಅಮ್ಮನ ಕಣ್ಣಳತೆಯಿಂದ ಜಾರಿ ಬಸ್ ನಿಲ್ದಾಣ, ಕ್ಯಾಂಟೀನು, ಟ್ಯೂಷನ್ನಿನ ಬದಿಯ ಅಂಗಡಿಗೆ ಹೋಗುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಕೈತಪ್ಪುತ್ತದೆ.

ರಕ್ತಪರೀಕ್ಷೆಯ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮ ಬೇಕು. ಎಲ್ಲ ಪೋಷಕಾಂಶಗಳೂ ಒಂದೇ ಕಾಲದ ಕಥೆ ಹೇಳುವುದಿಲ್ಲ. ವಿಟಮಿನ್ ಸಿ ಕೆಲವೇ ವಾರಗಳ ಹಿಂದಿನ ಮಾತು ಆಡುತ್ತದೆ. ಹಣ್ಣು, ಹಸಿ ತರಕಾರಿ ಬಿಟ್ಟರೆ ಬೇಗನೆ ಇಳಿಯುತ್ತದೆ. ಫೋಲೇಟ್ ದಾಸ್ತಾನು ಮೂರು ನಾಲ್ಕು ತಿಂಗಳಿಗೆ ಸಾಕಾಗುವಷ್ಟು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಹಿಮೋಗ್ಲೋಬಿನ್ ಕಳೆದ ಕೆಲವು ತಿಂಗಳ ಕಥೆಯನ್ನು ಹೇಳುತ್ತದೆ. ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ತಪ್ಪು ನಿನ್ನೆ ಮೊನ್ನೆಯದ್ದಲ್ಲ. ಇನ್ನು ಸುಣ್ಣಾಂಶದ ರೀತಿಯೇ ಬೇರೆ. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ದೇಹ ಮೂಳೆಯನ್ನು ಕರಗಿಸಿ ರಕ್ತದ ಮಟ್ಟವನ್ನು ಸರಿಯಾಗಿಯೇ ಇಡುತ್ತದೆ. ವರದಿಯಲ್ಲಿ ‘ನಾರ್ಮಲ್’ ಎಂದು ಬರುತ್ತದೆ, ಸಾಲ ಮೂಳೆಯ ಹೆಸರಿನಲ್ಲಿ ಬೆಳೆಯುತ್ತದೆ. ಆಯುಷ್ಯವಿಡೀ ಬಾಳಬೇಕಾದ ಮೂಳೆಯ ಗಟ್ಟಿತನದ ದೊಡ್ಡ ಪಾಲು ಕೂಡಿಕೊಳ್ಳುವುದು ಹದಿಹರೆಯದಲ್ಲೇ ಎಂಬುದನ್ನು ನೆನೆದರೆ ಈ ‘ನಾರ್ಮಲ್’ ಎಂಬ ಮಾತು ಎಷ್ಟು ಮೋಸದ್ದು ಎಂದು ಗೊತ್ತಾಗುತ್ತದೆ.

ಕಬ್ಬಿಣದ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಮನೆಮಂದಿ ಮೋಸಹೋಗುವುದು ಇಲ್ಲಿಯೇ ಹೆಚ್ಚು. ಅಕ್ಕಿ ಮುಡಿ ಬರಿದಾಗುವ ಕ್ರಮದಲ್ಲೇ ಇದೂ ನಡೆಯುತ್ತದೆ. ಮೊದಲು ಉಗ್ರಾಣದಲ್ಲಿಟ್ಟದ್ದು ಖಾಲಿಯಾಗುತ್ತದೆ; ಫೆರಿಟಿನ್ ಎಂಬ ಪ್ರೋಟೀನು ಆ ಉಗ್ರಾಣದ ಅಳತೆ, ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ದಾಸ್ತಾನು ಮುಗಿಯಿತೆಂದೇ ಲೆಕ್ಕ. ಆಗಲೂ ಅಡುಗೆಮನೆಯ ಡಬ್ಬದಲ್ಲಿ ಅಕ್ಕಿ ಇರುತ್ತದೆ, ಒಲೆ ಉರಿಯುತ್ತಿರುತ್ತದೆ, ಅಂದರೆ ಹಿಮೋಗ್ಲೋಬಿನ್ ಇನ್ನೂ ಸರಿಯಾಗಿಯೇ ಇರುತ್ತದೆ. ಆಮೇಲೆ ಮಜ್ಜೆಗೆ ಹೋಗುವ ಕಬ್ಬಿಣ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಕೊನೆಗೆ ಹಿಮೋಗ್ಲೋಬಿನ್ ಹದಿನೈದು ದಾಟಿದ ಹುಡುಗಿಯರಲ್ಲಿ ಡೆಸಿಲೀಟರಿಗೆ 12 ಗ್ರಾಂ, ಹುಡುಗರಲ್ಲಿ 13 ಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಕೆಳಗಿಳಿದು ರಕ್ತಹೀನತೆ ಎಂಬ ಹೆಸರು ಬರುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಕೆ, ಓದಿದ್ದು ತಲೆಗೆ ಹತ್ತದಿರುವುದು ಇದಕ್ಕೂ ಮೊದಲೇ ಶುರುವಾಗಿರಬಹುದು. ಅದನ್ನು ಮನೆಯವರು ಸೋಮಾರಿತನ ಎನ್ನುತ್ತಾರೆ, ಉಪನ್ಯಾಸಕರು ಮೊಬೈಲಿನ ಪರಿಣಾಮ ಎನ್ನುತ್ತಾರೆ.

ಈಗ ಒಂದು ದಿನದ ಲೆಕ್ಕ ಹಾಕಿ ನೋಡೋಣ. ಹಂಗಾರಕಟ್ಟೆಯಿಂದ ಬಸ್ಸು ಹಿಡಿದು ಕೋಟಕ್ಕೋ ಬ್ರಹ್ಮಾವರಕ್ಕೋ ಕುಂದಾಪುರಕ್ಕೋ ಕಾಲೇಜಿಗೆ ಹೋಗುವ ಹದಿನಾರರ ಹುಡುಗಿ ಎಂದುಕೊಳ್ಳಿ. ಬೆಳಿಗ್ಗೆ ‘ಹಶು ಇಲ್ಲೆ’ ಎನ್ನುತ್ತಲೇ ಎರಡು ನೀರುದೋಸೆ, ಒಂದು ಲೋಟ ಚಹಾ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎರಡು ಬನ್ಸು ಅಥವಾ ಒಂದು ಪಫ್ಸು, ಮತ್ತೆ ಚಹಾ. ಸಂಜೆ ಬಸ್ಸಿಗೆ ಕಾಯುವಾಗ ಗೋಳಿಬಜೆ ಇಲ್ಲವೇ ಚಿಪ್ಸಿನ ಪೊಟ್ಟಣ. ರಾತ್ರಿ ಅನ್ನ, ಎರಡು ಬೈಗೆ ಹಾಕಿದ ಸಾರು, ಬಟ್ಟಲ ಬದಿಗೆ ಚೂರು ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಕಬ್ಬಿಣ ಇರುವುದು ಒಂದು ಮಿಲಿಗ್ರಾಂಗಿಂತ ಕಡಿಮೆ; ಮೈದಾದಲ್ಲಿ ಎರಡಕ್ಕಿಂತ ಕಡಿಮೆ. ಎಲ್ಲವನ್ನೂ ಕೂಡಿಸಿದರೆ ಆ ದಿನದ ಒಟ್ಟು ಏಳೆಂಟು ಮಿಲಿಗ್ರಾಂ ದಾಟುವುದು ಕಷ್ಟ. ಅದೇ ಸಂಸ್ಥೆ 2020ರಲ್ಲಿ ಹದಿನಾರರಿಂದ ಹದಿನೆಂಟರ ಹುಡುಗಿಯರಿಗೆ ದಿನಕ್ಕೆ 32 ಮಿಲಿಗ್ರಾಂ, ಹುಡುಗರಿಗೆ 26 ಮಿಲಿಗ್ರಾಂ ಕಬ್ಬಿಣ ಶಿಫಾರಸು ಮಾಡಿದೆ. ಶಿಫಾರಸು ಎಂದರೆ ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಂತೆ ಇಟ್ಟ ಅಳತೆ, ಒಬ್ಬೊಬ್ಬರ ಅಗತ್ಯ ಅದಕ್ಕಿಂತ ಕಡಿಮೆಯೇ ಇರುತ್ತದೆ, ನಿಜ. ಹಾಗೆಂದು ಎಂಟು ಎಲ್ಲಿ, ಮೂವತ್ತೆರಡು ಎಲ್ಲಿ? ಗಮನಿಸಬೇಕಾದ್ದೇನೆಂದರೆ ಈ ಹುಡುಗಿ ಹಸಿದಿಲ್ಲ. ಅವಳ ಹೊಟ್ಟೆ ನಾಲ್ಕೂ ಹೊತ್ತು ತುಂಬಿದೆ. ತುಂಬಿದ್ದು ಅಕ್ಕಿ, ಮೈದಾ, ಸಕ್ಕರೆ, ಎಣ್ಣೆಯಿಂದ.

ಇದೇ ಹುಡುಗಿಯ ಮನೆಯ ಹಿತ್ತಿಲಿನ ಕೆಂಪು ಹರಿವೆಯಲ್ಲಿ ನೂರು ಗ್ರಾಂಗೆ ಸುಮಾರು ಏಳು ಮಿಲಿಗ್ರಾಂ ಕಬ್ಬಿಣವಿದೆ. ಹುರುಳಿಯಲ್ಲಿ ಎಂಟೂವರೆಗಿಂತ ಹೆಚ್ಚಿದೆ, ಹೆಸರುಕಾಳಿನಲ್ಲಿ ಐದರ ಹತ್ತಿರ. ಒಂದು ಹಿಡಿ ಹುರುಳಿಯ ಉಸ್ಲಿ, ಒಂದು ಬಟ್ಟಲು ಹರಿವೆ ಸೇರಿದರೆ ದಿನದ ಲೆಕ್ಕ ಎರಡು ಪಟ್ಟು ದಾಟುತ್ತದೆ. ಆದರೆ ತಿಂದದ್ದೆಲ್ಲ ರಕ್ತ ಸೇರುವುದಿಲ್ಲ ಎಂಬ ಮಾತೂ ಇದೆ. ಸಸ್ಯಮೂಲದ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದು ಸ್ವಲ್ಪ ಭಾಗ ಮಾತ್ರ. ಪೋಷಣಾ ಸಂಸ್ಥೆ ನಮ್ಮ ಊಟಕ್ಕೆ ಹಿಡಿದಿರುವ ಲೆಕ್ಕ ಶೇ 8. ಆ ಎಂಟನ್ನು ಹೆಚ್ಚಿಸುವುದು, ತಗ್ಗಿಸುವುದು ಜೊತೆಗಿರುವ ತಿನಿಸಿನ ಕೈಯಲ್ಲಿದೆ. ಊಟದ ಜೊತೆಗೇ ಚಹಾ ಕುಡಿದರೆ ಅದರ ಒಗರು ಅಂಶ ಕಬ್ಬಿಣವನ್ನು ಕಟ್ಟಿಹಾಕಿ, ಹೀರಿಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಬಲ್ಲದು. ಅದಕ್ಕೇ 2024ರ ಭಾರತೀಯ ಆಹಾರ ಮಾರ್ಗಸೂಚಿ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದದ್ದು. ಅದೇ ಊಟಕ್ಕೆ ಲಿಂಬೆ ಹಿಂಡಿದರೆ, ಒಂದು ಪೇರಳೆ ಅಥವಾ ನೆಲ್ಲಿಕಾಯಿ ತಿಂದರೆ ವಿಟಮಿನ್ ಸಿ ಆ ಕಟ್ಟನ್ನು ಸಡಿಲಿಸುತ್ತದೆ. ಮೀನಿನ ತುಂಡೊಂದು ಬಟ್ಟಲಲ್ಲಿದ್ದರೆ ತನ್ನ ಕಬ್ಬಿಣವನ್ನು ಕೊಡುವುದಲ್ಲದೆ ಪಕ್ಕದ ಸೊಪ್ಪಿನ ಕಬ್ಬಿಣವನ್ನೂ ಒಳಕ್ಕೆ ಕರೆದೊಯ್ಯುತ್ತದೆ. ಹಾಗಾಗಿ ಹುಡುಗಿ ರಾತ್ರಿ ತಿಂದ ಬೈಗೆಯ ಜೊತೆಗೆ ಹರಿವೆ ಇತ್ತೇ, ಬೆಳಿಗ್ಗೆಯ ದೋಸೆಯ ಜೊತೆಗೆ ಚಹಾ ಇತ್ತೇ ಎಂಬ ಸಣ್ಣ ಸಂಗತಿಗಳು ರಕ್ತದ ಮಟ್ಟಿಗೆ ದೊಡ್ಡವು.

ಈ ಕಡೆಯ ಹಿರಿಯರ ಬಾಯಲ್ಲಿ ‘ಕುಚ್ಚಿಗೆ ಅಕ್ಕಿ ಬಿಟ್ಟದ್ದೇ ಎಲ್ಲದಕ್ಕೂ ಕಾರಣ’ ಎಂಬ ಮಾತು ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಕುಟ್ಟುವ ಮೊದಲು ಭತ್ತವನ್ನು ಬೇಯಿಸುವಾಗ ಸಿಪ್ಪೆಯ ಬಳಿಯ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ಹೊಳಪು ಕೊಟ್ಟ ಬೆಳ್ತಿಗೆ ಅಕ್ಕಿಯಲ್ಲಿ ಅವು ತೌಡಿನ ಜೊತೆ ಹೋಗಿಬಿಡುತ್ತವೆ. ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ 1890ರ ದಶಕದಲ್ಲಿ ಕೋಳಿಗಳ ಮೇಲೆ ಪ್ರಯೋಗ ಮಾಡುತ್ತ ಕಂಡುಕೊಂಡದ್ದೂ ಇದನ್ನೇ: ಪಾಲಿಶ್ ಅಕ್ಕಿ ತಿಂದ ಕೋಳಿಗೆ ಬೆರಿಬೆರಿಯಂಥ ನರರೋಗ, ತೌಡಿರುವ ಅಕ್ಕಿ ತಿಂದದ್ದಕ್ಕೆ ಗುಣ. ಆದರೆ ಕಬ್ಬಿಣದ ಮಟ್ಟಿಗೆ ಕುಚ್ಚಿಗೆ ಬೆಳ್ತಿಗೆಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ, ಎರಡರಲ್ಲೂ ಅದು ಅತ್ಯಲ್ಪ. ಹಳೆಯ ಊಟದ ಬಲ ಇದ್ದದ್ದು ಗಂಜಿಯ ಬದಿಗಿದ್ದ ಸಾಮಾನಿನಲ್ಲಿ: ಹುರುಳಿ ಸಾರು, ಒಣಮೀನಿನ ಚಟ್ನಿ, ಒಂದೆಲಗದ ತಂಬುಳಿ, ಉಪ್ಪು ಹಾಕಿ ಕುಡಿಯುವ ತೆಳಿ. ಇಂದಿನ ಬಟ್ಟಲಲ್ಲಿ ಅನ್ನ ಉಳಿದುಕೊಂಡು ಬದಿಯವು ಕಾಣೆಯಾಗಿವೆ.

ಮೀನಿನ ಊರಿನಲ್ಲಿ ಮೀನಿನ ಮಾತನ್ನೂ ಬಿಡಿಸಿ ಹೇಳಬೇಕು. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ; ದಿನಕ್ಕೆ ಬೇಕಾದ್ದು ಒಂದು ಹೊತ್ತಿನ ಬೈಗೆಯಲ್ಲೇ ದಕ್ಕುತ್ತದೆ. ಎಣ್ಣೆ ತುಂಬಿದ ಈ ಸಣ್ಣ ಮೀನುಗಳಲ್ಲಿ ವಿಟಮಿನ್ ಡಿಯೂ, ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬೂ ಇವೆ. ಮುಳ್ಳು ಸಮೇತ ಅಗಿದರೆ ಸುಣ್ಣಾಂಶವೂ ಸೇರುತ್ತದೆ. ಆದರೆ ಹೊಸ ತಲೆಮಾರಿನ ನಾಲಿಗೆಗೆ ಮುಳ್ಳಿನ ಬೈಗೆಗಿಂತ ಮಸಾಲೆ ಹಚ್ಚಿ ಹುರಿದ ಅಂಜಲ್ ತುಂಡು, ಚಿಕನ್ ಕಬಾಬ್ ರುಚಿ. ಅಂಜಲ್ ವಾರಕ್ಕೊಮ್ಮೆಯೂ ಕೈಗೆಟುಕದ ಬೆಲೆಯದ್ದು. ಅಗ್ಗದ ಬೈಗೆಯ ದೊಡ್ಡ ಪಾಲು ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗಿ, ಪುಡಿಯಾಗಿ, ಎಣ್ಣೆಯಾಗಿ, ದೂರದ ಸೀಗಡಿ ಕೆರೆಗಳ ಮೇವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮನೆಗಳಲ್ಲಿ ಹಿಂದೆ ಒಣಮೀನು, ಚಗಟೆ, ಕೆಸು, ಹಲಸಿನ ಬೀಜ ಆ ಜಾಗ ತುಂಬುತ್ತಿದ್ದವು. ಈಗ ಆಸಾಡಿಯ (ಆಷಾಢದ) ಆ ಅಡುಗೆ ವೇದಿಕೆ ಕಾರ್ಯಕ್ರಮದಲ್ಲಿ, ವರ್ಷಕ್ಕೊಂದು ದಿನ, ಚಪ್ಪಾಳೆಯ ನಡುವೆ ಕಾಣಿಸಿಕೊಳ್ಳುತ್ತದೆ. ಸಾಲಿಗ್ರಾಮ, ಕೋಟದ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬಿ12ರ ಆಸರೆ ಹಾಲು, ಮೊಸರು, ಮಜ್ಜಿಗೆ ಮಾತ್ರ. ಅಲ್ಲಿಯ ಮಕ್ಕಳು ಮಜ್ಜಿಗೆ ಬಿಟ್ಟು ತಂಪು ಪಾನೀಯ ಹಿಡಿದರೆ ಅದರ ಲೆಕ್ಕ ನಾಲ್ಕೈದು ವರ್ಷದ ಮೇಲೆ ರಕ್ತದಲ್ಲಿ ತೇಲುತ್ತದೆ. ಇನ್ನು ಬಿಸಿಲಿನ ಮಾತು. ಕಡಲ ತೀರದ ಮಗುವಿಗೆ ವಿಟಮಿನ್ ಡಿ ಕೊರತೆಯೇ ಎಂದು ನಗು ಬರಬಹುದು. ಆದರೆ ನಾಲ್ಕು ತಿಂಗಳು ಮೋಡ, ಉಳಿದ ತಿಂಗಳು ಬೆಳಿಗ್ಗೆಯಿಂದ ಸಂಜೆವರೆಗೆ ತರಗತಿ ಕೋಣೆ ಎಂದಾದರೆ ತೀರದ ಬಿಸಿಲು ಮರಳಿಗಷ್ಟೇ.

ಊಟಕ್ಕೂ ರಕ್ತಕ್ಕೂ ಸಂಬಂಧವಿದೆ ಎಂದು ಹೇಳುವುದು ಸುಲಭ, ಊಟ ಬದಲಿಸಿದರೆ ರಕ್ತ ಬದಲಾಗುತ್ತದೆ ಎಂದು ತೋರಿಸುವುದು ಬೇರೆ. ಅದಕ್ಕೂ ಆಧಾರವಿದೆ. ಮಹಾರಾಷ್ಟ್ರದ ಆಗಿನ ಅಹ್ಮದ್‌ನಗರ ಜಿಲ್ಲೆಯಲ್ಲಿ ಹನ್ನೆರಡರಿಂದ ಹದಿನಾರು ವರ್ಷದ 246 ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಬ್ಬಿಣಾಂಶ ಹೆಚ್ಚಿರುವ ಸಜ್ಜೆಯ ರೊಟ್ಟಿ, ಇನ್ನೊಂದಕ್ಕೆ ಮಾಮೂಲಿ ಸಜ್ಜೆಯ ರೊಟ್ಟಿ ಕೊಡಲಾಯಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಸ್ಪಷ್ಟವಾಗಿತ್ತು: ನಾಲ್ಕೇ ತಿಂಗಳಲ್ಲಿ ಮೊದಲ ಗುಂಪಿನ ಫೆರಿಟಿನ್ ಏರಿತು, ಆರು ತಿಂಗಳಾಗುವಾಗ ಕೊರತೆಯಿದ್ದ ಮಕ್ಕಳು ಕೊರತೆಯಿಂದ ಹೊರಬರುವ ಸಾಧ್ಯತೆ ಈ ಗುಂಪಿನಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚಿತ್ತು. ಮಾತ್ರೆಯಿಲ್ಲ, ಉಪದೇಶವಿಲ್ಲ, ದಿನವೂ ತಿನ್ನುವ ರೊಟ್ಟಿಯ ಧಾನ್ಯ ಬದಲಾಯಿತು, ಅಷ್ಟೆ. ಅಮೆರಿಕದಲ್ಲಿ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯ ಮಾಡಿದ ಮೇಲೆ ಇಡೀ ದೇಶದ ಜನರ ರಕ್ತದ ಫೋಲೇಟ್ ಮಟ್ಟ ಮೇಲೇರಿತು. ಎರಡೂ ಕಡೆ ನೆತ್ತರನ್ನು ಬದಲಿಸಿದ್ದು ಮಾಮೂಲಿ ತಿನಿಸು, ನಿತ್ಯದ ತಿನಿಸು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಅಂಕಿಗಳೇ ಉಬ್ಬಿದವು ಎಂಬುದು. ಈ ಮಾತಿನಲ್ಲಿ ಹುರುಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಎಂದಿತು, ಪೋಷಣಾ ಸಮೀಕ್ಷೆ ಶೇ 40 ಎಂದಿತು. ವಯಸ್ಸಿನ ಗುಂಪು ಬೇರೆ ಎಂಬುದು ಒಂದು ಕಾರಣ, ಬೆರಳ ತುದಿ ಚುಚ್ಚಿ ತೆಗೆದ ಹನಿಗೂ ತೋಳಿನ ರಕ್ತನಾಳದಿಂದ ತೆಗೆದ ರಕ್ತಕ್ಕೂ ಅಳತೆಯಲ್ಲಿ ವ್ಯತ್ಯಾಸ ಬರುತ್ತದೆ ಎಂಬುದು ಇನ್ನೊಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಅವರೂ ಸೇರಿದ ತಂಡ 2021ರಲ್ಲಿ ಇನ್ನೂ ಮೂಲದ ಪ್ರಶ್ನೆ ಎತ್ತಿತು: ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ನಮ್ಮ ಮಕ್ಕಳಿಗೆ ಸರಿಯೇ? ಯಾವ ಕೊರತೆಯೂ ಇಲ್ಲದ ಆರೋಗ್ಯವಂತ ಭಾರತೀಯ ಮಕ್ಕಳ ರಕ್ತವನ್ನೇ ಅಳತೆಗೋಲು ಮಾಡಿಕೊಂಡು ಅದೇ ಪೋಷಣಾ ಸಮೀಕ್ಷೆಯ ಮಾಹಿತಿಯನ್ನು ಮರುಲೆಕ್ಕ ಹಾಕಿದಾಗ ಒಂದರಿಂದ ಹತ್ತೊಂಬತ್ತು ವರ್ಷದವರ ರಕ್ತಹೀನತೆ ಶೇ 30ರಿಂದ ಶೇ 11ರ ಆಸುಪಾಸಿಗೆ ಇಳಿಯಿತು. ಹಾಗಾದರೆ ಗಾಬರಿ ಸುಳ್ಳೇ? ರಕ್ತಹೀನತೆಯ ಶೇಕಡಾವಾರು ಎಲ್ಲಿ ನಿಲ್ಲಬೇಕು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ನಡೆಯಲಿ. ಆದರೆ ಗೆರೆ ಎಲ್ಲಿ ಎಳೆದರೂ ಹುಡುಗಿಯರು ಹುಡುಗರಿಗಿಂತ ಕೆಳಗಿದ್ದಾರೆ. ಬಿ12, ಫೋಲೇಟ್, ವಿಟಮಿನ್ ಡಿ ಕೊರತೆಗಳು ಹಿಮೋಗ್ಲೋಬಿನ್ ಗೆರೆಯನ್ನು ಅವಲಂಬಿಸಿದವಲ್ಲ, ಮತ್ತು ಅವು ವಯಸ್ಸಿನೊಂದಿಗೆ ಏರುತ್ತಲೇ ಇವೆ. ಹಿಮೋಗ್ಲೋಬಿನ್ ಒಂದನ್ನೇ ನೋಡುತ್ತ ಕೂತರೆ ಉಳಿದದ್ದು ತಪ್ಪಿಹೋಗುತ್ತದೆ ಎಂಬುದೇ ಈ ಚರ್ಚೆಯಿಂದ ನಾವು ಕಲಿಯಬೇಕಾದ ಪಾಠ.

ಎರಡನೆಯ ಆಕ್ಷೇಪ ಬಡತನದ್ದು. ತಿನ್ನುವ ಅಭ್ಯಾಸ ಎನ್ನುತ್ತ ಮಕ್ಕಳ ಮೇಲೆ ತಪ್ಪು ಹೊರಿಸುತ್ತೀರಿ, ಹಣವಿದ್ದರೆ ತಿನ್ನದೇ ಇರುತ್ತಿದ್ದರೇ ಎಂಬ ಪ್ರಶ್ನೆ. ಬಡತನದ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು. ಮೊಟ್ಟೆ, ಹಾಲು, ಹಣ್ಣು ಕೊಳ್ಳುವ ಶಕ್ತಿ ಮನೆಮನೆಗೂ ಬೇರೆ. ಆದರೆ ಪೋಷಣಾ ಸಮೀಕ್ಷೆ ಇಲ್ಲೊಂದು ಅಚ್ಚರಿ ಇಟ್ಟಿದೆ. ರಕ್ತಹೀನತೆ ಹಳ್ಳಿಗಳಲ್ಲಿ ಹೆಚ್ಚಿದ್ದರೂ ಕಬ್ಬಿಣದ ಕೊರತೆ ಹಳ್ಳಿಗಿಂತ ಪೇಟೆಯ ಮಕ್ಕಳಲ್ಲೇ ಹೆಚ್ಚು ಕಂಡಿತು. ಬರೀ ಹಣದ ಪ್ರಶ್ನೆಯಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಹತ್ತು ರೂಪಾಯಿಗೆ ಚಿಪ್ಸು ಸಿಗುವ ಅಂಗಡಿ ಪ್ರತಿ ನಿಲ್ದಾಣದಲ್ಲೂ ಇದೆ, ಅದೇ ಹತ್ತು ರೂಪಾಯಿಗೆ ಉಸ್ಲಿ ಸಿಗುವ ಅಂಗಡಿ ಇಲ್ಲ. ಅಭ್ಯಾಸ ಎಂದಾಗ ತಪ್ಪು ಮಕ್ಕಳದ್ದೇ ಎಂದು ಅರ್ಥವಲ್ಲ. ಕಣ್ಣೆದುರು ಇರುವುದನ್ನು, ಕೈಗೆಟುಕುವುದನ್ನು, ಇರುವ ಹದಿನೈದು ನಿಮಿಷದಲ್ಲಿ ಮುಗಿಸಬಹುದಾದ್ದನ್ನು ಯಾರಾದರೂ ತಿನ್ನುತ್ತಾರೆ. ಬಸ್ಸಿನ ವೇಳಾಪಟ್ಟಿ, ಟ್ಯೂಷನ್ನಿನ ಗಂಟೆ, ಕ್ಯಾಂಟೀನಿನ ಗುತ್ತಿಗೆ ಸೇರಿ ಕಟ್ಟಿದ ಅಭ್ಯಾಸ ಇದು.

ಮೂರನೆಯದು, ಕೊರತೆಗೆ ಊಟವೊಂದೇ ಕಾರಣವಲ್ಲ ಎಂಬ ಮಾತು. ಒಪ್ಪಬೇಕಾದ್ದೇ. ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಸೇರಿ ಕರುಳಿನಿಂದ ರಕ್ತ ಹೀರುತ್ತದೆ. ಮುಟ್ಟಿನ ಅತಿಸ್ರಾವವನ್ನು ಹುಡುಗಿಯರು ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮುಚ್ಚಿಡುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದರೆ ಸೊಪ್ಪು ತಿನ್ನು ಎಂದು ಕೂರಿಸದೆ ವೈದ್ಯರ ಬಳಿ ಹೋಗುವುದೇ ಸರಿ. ಆದರೆ ಹುಳುವಿಗೆ ಮದ್ದು ಕೊಟ್ಟ ಮೇಲೂ, ಸ್ರಾವ ಹತೋಟಿಗೆ ಬಂದ ಮೇಲೂ, ಕಳೆದುಹೋದದ್ದನ್ನು ತುಂಬಲು ಬಟ್ಟಲಿಗೇ ಮರಳಬೇಕು. ನಷ್ಟದ ದಾರಿ ಹಲವು, ಗಳಿಕೆಯ ದಾರಿ ಬಾಯಿ ಒಂದೇ.

ಹಾಗಾದರೆ ಮಾತ್ರೆ ಇದೆಯಲ್ಲ ಎಂಬುದು ನಾಲ್ಕನೆಯ ಮಾತು. ಇದೆ. ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ಕೇಂದ್ರದ ಯೋಜನೆ 2012-13ರಲ್ಲಿ ಶುರುವಾಯಿತು. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಹದಿಹರೆಯದವರ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಜೊತೆಗೆ ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಇದು ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಬೆಳಿಗ್ಗೆ ಬರೀ ಚಹಾ ಕುಡಿದು ಬಂದವಳು ಆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಅದು ಕಿಟಕಿಯಿಂದ ಹೊರಗೆ ಬೀಳುತ್ತದೆ. ಮಾತ್ರೆ ಒಳಗೆ ನಿಲ್ಲಬೇಕಾದರೂ ಹೊಟ್ಟೆಯಲ್ಲಿ ಊಟ ಇರಬೇಕು! ಮೇಲಾಗಿ ನೀಲಿ ಮಾತ್ರೆಯಲ್ಲಿ ಬಿ12 ಇಲ್ಲ, ಸತು ಇಲ್ಲ, ವಿಟಮಿನ್ ಡಿ ಇಲ್ಲ, ಪ್ರೋಟೀನು ಇಲ್ಲ. ಹಾಗೆಯೇ ಅತಿಯಾದದ್ದನ್ನು ತಗ್ಗಿಸುವ ಶಕ್ತಿಯೂ ಇಲ್ಲ. ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ಶೇ 10 ಮಂದಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು, ಶೇ 16 ಮಂದಿಯ ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು ಹೆಚ್ಚಿತ್ತು. ಒಂದೇ ನೆತ್ತರಿನಲ್ಲಿ ಕಬ್ಬಿಣ ಕಡಿಮೆ, ಕೊಬ್ಬು ಹೆಚ್ಚು ಎಂದಾದರೆ ಎರಡಕ್ಕೂ ಮೂಲ ಒಂದೇ ಬಟ್ಟಲು.

ಹಾಗಿದ್ದರೆ ಆಗಬೇಕಾದ್ದೇನು? ಕರ್ನಾಟಕ ಇದರಲ್ಲಿ ಅರ್ಧ ದಾರಿ ನಡೆದಿದೆ. ಅಕ್ಷರ ದಾಸೋಹದ ಬಿಸಿಯೂಟ ಹತ್ತನೇ ತರಗತಿಯವರೆಗೆ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಇದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಬಂದಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮರುದಿನವೇ ಇವೆಲ್ಲ ನಿಂತುಹೋಗುತ್ತವೆ. ಪಿಯುಸಿಯ ಹುಡುಗಿಗೆ ಬಿಸಿಯೂಟವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ ಅವಳ ಕಬ್ಬಿಣದ ಅಳತೆ ಮಾತ್ರ 30ರಿಂದ 32ಕ್ಕೆ ಏರಿರುತ್ತದೆ. ಸರಕಾರಿ ಪಿಯು ಕಾಲೇಜಿಗೂ ಮಧ್ಯಾಹ್ನದ ಊಟ ವಿಸ್ತರಿಸುವುದು ದೊಡ್ಡ ಮಾತು, ಅದು ಆಗುವವರೆಗೆ ಸಣ್ಣ ಕೆಲಸಗಳು ಕಾಯಬೇಕಿಲ್ಲ. ಕ್ಯಾಂಟೀನಿನ ಗುತ್ತಿಗೆ ಕೊಡುವಾಗಲೇ ಹುರುಳಿ ಅಥವಾ ಹೆಸರಿನ ಉಸ್ಲಿ, ಬೇಯಿಸಿದ ಮೊಟ್ಟೆ, ಮಜ್ಜಿಗೆ ಇರಲೇಬೇಕೆಂದು ಬರೆಸಬಹುದು. ಪೇರಳೆ, ಲಿಂಬೆ ಶರಬತ್ತು ಚಹಾದ ಜಾಗದಲ್ಲಿ ನಿಲ್ಲಬಹುದು. ಚಹಾ ಬೇಕೆಂದರೆ ಊಟದ ವೇಳೆ ಬಿಟ್ಟು ನಾಲ್ಕು ಗಂಟೆಗೆ ಸಿಗಲಿ. ಊಟದ ಬಿಡುವು ಹತ್ತು ನಿಮಿಷ ಹೆಚ್ಚಲಿ, ಬುತ್ತಿ ಬಿಚ್ಚಲು ಬೆಂಚಿರುವ ಒಂದು ಕೋಣೆ ಇರಲಿ. ಎಷ್ಟೋ ಹುಡುಗಿಯರು ಬುತ್ತಿ ತಾರದಿರುವುದು ಕೂತು ಉಣ್ಣುವ ಜಾಗವಿಲ್ಲದೆ. ಮನೆಯಲ್ಲಿ ರಾತ್ರಿಯ ಬೈಗೆ ಸಾರಿನ ಪಕ್ಕಕ್ಕೆ ಹರಿವೆ ಪಲ್ಯ ಬಂದು ಕೂರಲಿ, ಕಾಳನ್ನು ಹಿಂದಿನ ದಿನವೇ ನೆನೆಹಾಕಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ತಡೆಯುವ ಅಂಶ ಇನ್ನೂ ತಗ್ಗುತ್ತದೆ.

ಹದಿಹರೆಯದವರು ಹೇಳಿದ್ದು ಕೇಳುವುದಿಲ್ಲ ಎಂಬ ದೂರು ಹಳೆಯದು. ಕೇಳಬೇಕಾಗಿಯೂ ಇಲ್ಲ. ಅಹ್ಮದ್‌ನಗರದ ಮಕ್ಕಳು ಯಾರ ಉಪದೇಶವನ್ನೂ ಕೇಳಲಿಲ್ಲ, ಎದುರಿಗೆ ಬಂದ ರೊಟ್ಟಿ ತಿಂದರು. ಲೆಕ್ಕ ಇಷ್ಟು: ಜೂನ್ ತಿಂಗಳ ಮೊದಲ ದಿನಗಳಲ್ಲಿ ಕಾಲೇಜು ತೆರೆಯುತ್ತದೆ, ಅದೇ ಹೊತ್ತಿಗೆ ಕೋಡಿಯ ಬೋಟುಗಳು ದಡ ಸೇರಿ ಮೀನು ದುಬಾರಿಯಾಗುತ್ತದೆ. ಅಂದು ಒಬ್ಬ ಹುಡುಗಿಯ ಮೈಯಲ್ಲಿ ಓಡುತ್ತಿರುವ ಕೆಂಪು ಕಣಗಳಲ್ಲಿ ಹೆಚ್ಚಿನವು ದಸರಾ ರಜೆಯ ಹೊತ್ತಿಗೆ ಉಳಿದಿರುವುದಿಲ್ಲ. ಹಳೆಯವು ಸತ್ತು ಹೊಸವು ಬಂದಿರುತ್ತವೆ. ಆ ಹೊಸ ಕಣಗಳನ್ನು ಕಟ್ಟುವ ಸರಕಿನ ಒಂದು ಪಾಲು ಆ ನಾಲ್ಕು ತಿಂಗಳ ಮಧ್ಯಾಹ್ನಗಳಲ್ಲಿ ಕ್ಯಾಂಟೀನಿನ ಗಾಜಿನ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದರಿಂದ ಬರಬೇಕು. ಆ ಪೆಟ್ಟಿಗೆಯಲ್ಲಿ ಏನಿಡಬೇಕೆಂದು ತೀರ್ಮಾನಿಸುವವರು ಹುಡುಗಿಯರಲ್ಲ, ದೊಡ್ಡವರು.